ಹೊಗೆಗೆ ಹೊರದಾರಿ ಹುಡುಕಿದವರು: ಅಮೂಲ್ಯ ರೆಡ್ಡಿ ಮತ್ತು ಅಸ್ತ್ರ ಒಲೆಯ ಕಥೆ

ವಾಟ್ಸಾಪ್‌ನಲ್ಲಿ ಆಗಾಗ ಓಡಾಡುವ ಒಂದು ಬಗೆಯ ಫಾರ್ವರ್ಡ್ ನಿಮಗೂ ಬಂದಿರಬಹುದು. ನಮ್ಮ ಅಜ್ಜಿಯರು ಸೌದೆ ಒಲೆಯ ಹೊಗೆಯಲ್ಲೇ ಅಡುಗೆ ಮಾಡಿ ತೊಂಬತ್ತು ವರ್ಷ ಬದುಕಿದರು, ಹೊಗೆ ಮನೆಯ ಕ್ರಿಮಿಗಳನ್ನು ಕೊಲ್ಲುತ್ತದೆ, ಕಾಯಿಲೆಗಳೆಲ್ಲ ಗ್ಯಾಸ್ ಸ್ಟೌವ್ ಬಂದ ಮೇಲೆ ಶುರುವಾದವು ಎನ್ನುವ ಸಂದೇಶ ಅದು. ಇದರ ಜೊತೆಗೇ ಇನ್ನೊಂದು ಮಾತೂ ಬರುತ್ತದೆ: ಒಂದು ಕಿಟಕಿ ತೆರೆದಿಟ್ಟರೆ ಸಾಕು, ಹೊಗೆಯಿಂದ ಏನೂ ಆಗುವುದಿಲ್ಲ.

ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಉತ್ತರ ಹುಡುಕಲು ನಾವು ಈ ಸಲ ಒಬ್ಬ ವ್ಯಕ್ತಿಯ ಬದುಕನ್ನು ನೋಡೋಣ. ಅವರು ಬೆಂಗಳೂರಿನ ವಿಜ್ಞಾನಿ ಅಮೂಲ್ಯ ಕುಮಾರ್ ನಾರಾಯಣ ರೆಡ್ಡಿ. ಅವರು ತೀರಿಕೊಂಡು ಹತ್ತಿರ ಹತ್ತಿರ ಎರಡು ದಶಕಗಳಾದವು. ಹೆಸರು ಎಲ್ಲರಿಗೂ ನೆನಪಿಲ್ಲದಿರಬಹುದು. ಆದರೆ ಅಸ್ತ್ರ ಒಲೆ ಎಂದರೆ ನಮ್ಮ ಹಳ್ಳಿಗಳ ಹಿರಿಯರಲ್ಲಿ ಹಲವರಿಗೆ ಗೊತ್ತು. ಆ ಒಲೆಯ ಹಿಂದಿದ್ದ ಸಂಸ್ಥೆಯನ್ನು ಕಟ್ಟಿದವರು ಇವರು.

ನಾವು ಇದನ್ನು ಬರೆಯುತ್ತಿರುವುದು ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಬಾಗೂರಿನಿಂದ. ಚೆನ್ನಕೇಶವ ದೇವಸ್ಥಾನದಿಂದ ಹೆಸರಾದ ಊರು. ಇಲ್ಲಿ ಸುತ್ತಮುತ್ತ ತೆಂಗಿನ ತೋಟಗಳಿವೆ. ಹಾಗಾಗಿ ಗರಿ, ಮಟ್ಟೆ, ಕರಟಕ್ಕೆ ಬರವಿಲ್ಲ. ಗ್ಯಾಸ್ ಸಿಲಿಂಡರ್ ಇರುವ ಮನೆಯಲ್ಲೂ ಬಚ್ಚಲಿನ ಹಂಡೆಗೆ, ದೊಡ್ಡ ಅಡುಗೆಗೆ ಸೌದೆಯೇ ಆಗಬೇಕು. ಹಳೆಯ ಮಾಳಿಗೆ ಮನೆಗಳ ಅಡುಗೆಮನೆಯಲ್ಲಿ ತಲೆಯೆತ್ತಿ ನೋಡಿದರೆ ಜಂತೆಗಳೆಲ್ಲ ಮಸಿಯಿಂದ ಕಪ್ಪಾಗಿರುತ್ತವೆ. ಮಧ್ಯದಲ್ಲಿ ಒಂದು ಗವಾಕ್ಷಿ, ಅದರಿಂದ ಒಂದು ಕೋಲು ಬೆಳಕು. ಆ ಬೆಳಕಿನಲ್ಲಿ ಹೊಗೆ ಸುತ್ತುವುದನ್ನು ನಾವು ಚಿಕ್ಕಂದಿನಲ್ಲಿ ಆಟದಂತೆ ನೋಡುತ್ತಿದ್ದೆವು. ಜಂತೆಗೆ ಹತ್ತಿದ ಮಸಿ ಅಡುಗೆ ಮಾಡುವವರ ಎದೆಯೊಳಗೂ ಹೋಗಿರುತ್ತದೆ ಎನ್ನುವುದು ಆಗ ಹೊಳೆದಿರಲಿಲ್ಲ.

ಒಲೆಗೂ ಎಲೆಕ್ಟ್ರೋಕೆಮಿಸ್ಟ್ರಿಗೂ ಏನು ಸಂಬಂಧ?

ಅಮೂಲ್ಯ ರೆಡ್ಡಿ ಹುಟ್ಟಿದ್ದು 1930ರ ಅಕ್ಟೋಬರ್ 21ರಂದು, ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ 1958ರಲ್ಲಿ ಪಿಎಚ್‌.ಡಿ. ಪಡೆದರು. ವಿದ್ಯುತ್ ಮತ್ತು ರಾಸಾಯನಿಕ ಕ್ರಿಯೆಗಳ ನಂಟನ್ನು ಅಧ್ಯಯನ ಮಾಡುವ ಎಲೆಕ್ಟ್ರೋಕೆಮಿಸ್ಟ್ರಿ ಅವರ ವಿಷಯ. ಬ್ಯಾಟರಿ ಕೆಲಸ ಮಾಡುವುದು, ಕಬ್ಬಿಣ ತುಕ್ಕು ಹಿಡಿಯುವುದು ಎಲ್ಲ ಇದೇ ಶಾಸ್ತ್ರದೊಳಗೆ ಬರುತ್ತವೆ.

ಊರಿಗೆ ಮರಳಿದ ಮೇಲೆ ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ಎಲೆಕ್ಟ್ರೋಕೆಮಿಕಲ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಆಮೇಲೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಬೋಕ್ರಿಸ್ ಎನ್ನುವ ಹೆಸರಾಂತ ವಿಜ್ಞಾನಿಯ ಜೊತೆಗಿದ್ದರು. ಇಬ್ಬರೂ ಸೇರಿ ಬರೆದ ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ ಎಂಬ ಎರಡು ಸಂಪುಟಗಳ ಪುಸ್ತಕ 1970ರಲ್ಲಿ ಬಂತು. ಜಗತ್ತಿನ ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಆ ಪುಸ್ತಕ ಓದಿ ಬೆಳೆದಿದ್ದಾರೆ. 1966ರಲ್ಲೇ ರೆಡ್ಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ ಸೇರಿದ್ದರು.

ಇಲ್ಲಿಗೆ ಒಬ್ಬ ವಿಜ್ಞಾನಿಯ ಬದುಕು ನೆಲೆ ಕಂಡಿತು ಎನ್ನಬಹುದಿತ್ತು. ಕೈಯಲ್ಲಿ ಹೆಸರಿತ್ತು, ಪ್ರಯೋಗಾಲಯವಿತ್ತು, ವಿದೇಶದ ನಂಟಿತ್ತು. ಆದರೆ 1970ರ ದಶಕದ ಆರಂಭದಲ್ಲಿ ಅವರ ದಾರಿ ಬೇರೆ ಕಡೆ ತಿರುಗಿತು. ನಮ್ಮ ವಿಜ್ಞಾನ ಯಾರಿಗಾಗಿ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ದೇಶದ ಬಹುಪಾಲು ಜನ ಹಳ್ಳಿಯಲ್ಲಿದ್ದಾರೆ, ದೇಶದ ದೊಡ್ಡ ಪ್ರಯೋಗಾಲಯಗಳು ಪರದೇಶದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿವೆ ಎಂಬುದು ಅವರ ಅಳಲು. ವಿಜ್ಞಾನದ ಗುಣಮಟ್ಟ ಕಡಿಮೆ ಮಾಡಿಕೊಂಡು ಹಳ್ಳಿಗೆ ಹೋಗಬೇಕೆಂದು ಅವರು ಹೇಳಲಿಲ್ಲ. ಹಳ್ಳಿಯ ಒಲೆ, ಬಾವಿ, ಗೋಡೆ ಇವೂ ಒಳ್ಳೆಯ ವಿಜ್ಞಾನ ಕೇಳುವ ವಿಷಯಗಳು ಎಂದು ವಾದಿಸಿದರು.

ಅಸ್ತ್ರ ಎಂಬ ಹೆಸರು ಬಂದಿದ್ದು ಹೇಗೆ?

1974ರಲ್ಲಿ ವಿಜ್ಞಾನ ಸಂಸ್ಥೆಯೊಳಗೇ ಒಂದು ಹೊಸ ತಂಡ ಹುಟ್ಟಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಬಳಕೆ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಸೇರಿಸಿದರೆ ಅಸ್ತ್ರ ಎಂದಾಗುತ್ತದೆ. ರೆಡ್ಡಿ ಅದರ ಸಂಚಾಲಕರು. ಸಿವಿಲ್, ಮೆಕ್ಯಾನಿಕಲ್, ಕೆಮಿಸ್ಟ್ರಿ ಹೀಗೆ ಬೇರೆ ಬೇರೆ ವಿಭಾಗಗಳ ಪ್ರಾಧ್ಯಾಪಕರು ತಮ್ಮ ಕೆಲಸದ ಜೊತೆಗೇ ಇದಕ್ಕೆ ಕೈ ಹಚ್ಚಿದರು. 1975ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಕಾರ್ಯದರ್ಶಿಯಾಗಿಯೂ ರೆಡ್ಡಿ ದುಡಿದರು. ಹೀಗಾಗಿ ಸಂಸ್ಥೆಯಲ್ಲಿ ಕಂಡುಕೊಂಡದ್ದು ಸರ್ಕಾರದ ಮೂಲಕ ಹಳ್ಳಿಗೆ ತಲುಪಲು ಒಂದು ಸೇತುವೆ ಸಿಕ್ಕಿತು.

ಬೆಂಗಳೂರಿನಲ್ಲಿ ಕುಳಿತು ಹಳ್ಳಿಯ ವಿಜ್ಞಾನ ಮಾಡಲಾಗದು ಎಂದು ತಂಡಕ್ಕೆ ಬೇಗನೆ ಗೊತ್ತಾಯಿತು. ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಊರಿನಲ್ಲಿ ಅಸ್ತ್ರದ ಒಂದು ಕೇಂದ್ರ ಶುರುವಾಯಿತು. ಅಲ್ಲಿಂದ ಸುತ್ತಲ ಹಳ್ಳಿಗಳಿಗೆ ಹೋಗಿ, ಒಂದೊಂದು ಮನೆಯಲ್ಲೂ ಏನು ಉರಿಯುತ್ತದೆ, ಎಷ್ಟು ಉರಿಯುತ್ತದೆ, ಅದನ್ನು ತರುವವರು ಯಾರು ಎಂದು ಲೆಕ್ಕ ಹಾಕತೊಡಗಿದರು.

ಪುರ ಎಂಬ ಹಳ್ಳಿಯ ಲೆಕ್ಕ ಏನು ಹೇಳಿತು?

ಆ ಹಳ್ಳಿಗಳಲ್ಲಿ ಒಂದು ಪುರ. 1977ರಲ್ಲಿ ಅಲ್ಲಿ 56 ಮನೆಗಳು, 357 ಜನ. ದೇಶಕ್ಕೆ ಎಷ್ಟು ಕರೆಂಟು ಬೇಕು, ಎಷ್ಟು ಡೀಸೆಲ್ ಬೇಕು ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ ಅದು. ಪುರದ ಲೆಕ್ಕ ಬೇರೆಯೇ ಕಥೆ ಹೇಳಿತು. ಊರು ಬಳಸುತ್ತಿದ್ದ ಒಟ್ಟು ಶಕ್ತಿಯಲ್ಲಿ ಸುಮಾರು ಶೇ 89 ಸೌದೆಯಿಂದ ಬರುತ್ತಿತ್ತು. ಮನುಷ್ಯರ ಮೈ ದುಡಿಮೆ ಶೇ 7. ಸೀಮೆಎಣ್ಣೆ ಶೇ 2. ಎತ್ತುಗಳ ದುಡಿಮೆ ಮತ್ತು ಕರೆಂಟು ತಲಾ ಶೇ 1ರಷ್ಟು. ಬಳಕೆಯ ಕಡೆಯಿಂದ ನೋಡಿದರೆ ಶೇ 91ರಷ್ಟು ಶಕ್ತಿ ಮನೆಯೊಳಗಿನ ಕೆಲಸಕ್ಕೆ, ಅದರಲ್ಲೂ ಮುಖ್ಯವಾಗಿ ಅಡುಗೆಗೆ ಮತ್ತು ನೀರು ಕಾಯಿಸುವುದಕ್ಕೆ ಹೋಗುತ್ತಿತ್ತು.

ಇನ್ನೊಂದು ಲೆಕ್ಕ ಇನ್ನೂ ಮುಖ್ಯ. ಮನುಷ್ಯರ ದುಡಿಮೆಯಲ್ಲಿ ಹೆಂಗಸರ ಪಾಲು ಶೇ 53, ಗಂಡಸರದು ಶೇ 31, ಮಕ್ಕಳದು ಶೇ 16. ಒಂದು ಸಂಸಾರ ಸುಮಾರು 10 ಕಿಲೋ ಸೌದೆಗಾಗಿ ದಿನಕ್ಕೆ ಸರಾಸರಿ 2.6 ಗಂಟೆ ಕಳೆಯುತ್ತಿತ್ತು, 4.8 ಕಿಲೋಮೀಟರ್ ನಡೆಯುತ್ತಿತ್ತು. ಆ ಸೌದೆ ತಂದು ಒಲೆಗೆ ಹಾಕಿದ ಮೇಲೆ ಅದರ ಶಾಖದ ಬಹುಪಾಲು ಪಾತ್ರೆಗೆ ತಲುಪುತ್ತಲೇ ಇರಲಿಲ್ಲ. ಒಲೆಯ ಬಾಯಿಂದ, ಪಾತ್ರೆಯ ಅಂಚಿನಿಂದ ಬಿಸಿ ಗಾಳಿಯಾಗಿ, ಹೊಗೆಯಾಗಿ ಹೊರಗೆ ಬರುತ್ತಿತ್ತು.

ಅಂದರೆ ನಮ್ಮ ದೇಶದ ಹಳ್ಳಿಯ ಅತಿ ದೊಡ್ಡ ಶಕ್ತಿ ಯಂತ್ರ ಯಾವುದು? ಟ್ರಾಕ್ಟರ್ ಅಲ್ಲ, ಪಂಪ್‌ಸೆಟ್ ಅಲ್ಲ, ಅಡುಗೆಮನೆಯ ಒಲೆ. ಅದನ್ನು ನಡೆಸುವವಳು ಮನೆಯ ಹೆಂಗಸು. ಯಾವ ಯೋಜನೆಯ ಪುಸ್ತಕದಲ್ಲೂ ಅವಳ ಲೆಕ್ಕ ಇರಲಿಲ್ಲ. ರೆಡ್ಡಿ ಮತ್ತು ಅವರ ಸಂಗಾತಿಗಳು ಆ ಲೆಕ್ಕವನ್ನು ಕಾಗದದ ಮೇಲೆ ತಂದರು.

ಅಸ್ತ್ರ ಒಲೆಯಲ್ಲಿ ಹೊಸತೇನಿತ್ತು?

ಒಲೆಯನ್ನು ರೂಪಿಸಿದ್ದು ರೆಡ್ಡಿ ಒಬ್ಬರೇ ಅಲ್ಲ. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕರಸ್ ಮೊದಲಾದ ಅಸ್ತ್ರದ ಸಂಗಾತಿಗಳು 1980ರ ದಶಕದ ಆರಂಭದಲ್ಲಿ ಇದರ ಮೇಲೆ ಪ್ರಯೋಗ ಮಾಡಿದರು. ಕೊನೆಗೆ ರೂಪುಗೊಂಡದ್ದು ಮೂರು ಪಾತ್ರೆ ಕೂರುವ, ಹೊಗೆಕೊಳವೆ ಇರುವ ಮಣ್ಣಿನ ಒಲೆ.

ಅದರ ಗುಟ್ಟು ಸರಳ. ಸಾಮಾನ್ಯ ಒಲೆಯಲ್ಲಿ ಬೂದಿಯ ಮೇಲೇ ಸೌದೆ ಉರಿಯುತ್ತದೆ, ಕೆಳಗಿನಿಂದ ಗಾಳಿ ಸಿಗುವುದಿಲ್ಲ. ಆಗ ಅರೆಬರೆ ಸುಟ್ಟು ಹೊಗೆ ಹೆಚ್ಚಾಗುತ್ತದೆ. ಅದಕ್ಕೇ ಅಮ್ಮಂದಿರು ಊದುಕೊಳವೆ ಹಿಡಿದು ಊದಬೇಕು. ಅಸ್ತ್ರ ಒಲೆಯಲ್ಲಿ ಸೌದೆ ಕಬ್ಬಿಣದ ಜಾಲರಿಯ ಮೇಲೆ ಕೂರುತ್ತದೆ. ಗಾಳಿ ಕೆಳಗಿನಿಂದ ಬರುತ್ತದೆ. ಒಲೆಯ ಬಾಯಿಗೆ ಮುಚ್ಚಳವಿದೆ. ಪಾತ್ರೆಗಳು ತೂತಿನಲ್ಲಿ ಸಂದಿಲ್ಲದಂತೆ ಕೂರುತ್ತವೆ. ಬಿಸಿ ಗಾಳಿ ಮೊದಲ ಪಾತ್ರೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಶಾಖ ಕೊಟ್ಟು, ಕೊನೆಗೆ ಕೊಳವೆಯ ಮೂಲಕ ಮಾಡಿನ ಮೇಲೆ ಹೊರಟು ಹೋಗುತ್ತದೆ. ಒಂದೇ ಉರಿಗೆ ಮುದ್ದೆಯ ಎಸರು, ಸಾರು, ಬಿಸಿನೀರು ಮೂರೂ ಆಗುತ್ತವೆ.

ಹಳೆಯ ಒಲೆಗಳಲ್ಲಿ ಸೌದೆಯ ಶಾಖದ ಸುಮಾರು ಶೇ 10ರಿಂದ 15 ಮಾತ್ರ ಪಾತ್ರೆಗೆ ಸೇರುತ್ತಿತ್ತು. ಅಸ್ತ್ರ ಒಲೆಯಲ್ಲಿ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಇದು ಶೇ 40 ದಾಟಿತು. ಸೌದೆ ಉಳಿಸುವುದೇ ತಂಡದ ಮೊದಲ ಗುರಿಯಾಗಿತ್ತು. ಆದರೆ ಒಲೆ ಬಳಸಿದ ಹೆಂಗಸರಿಗೆ ಮೊದಲು ಕಾಣುತ್ತಿದ್ದುದು ಇನ್ನೊಂದು ಲಾಭ: ಕಣ್ಣು ಉರಿಯುವುದಿಲ್ಲ, ಕೋಣೆಯಲ್ಲಿ ಹೊಗೆ ತುಂಬುವುದಿಲ್ಲ.

ಒಂದು ಕಿಟಕಿ ತೆರೆದರೆ ಸಾಲದೇ?

ಇದನ್ನು ಒಂದು ಬಕೆಟ್ಟಿನಂತೆ ಯೋಚಿಸಿ. ಬಕೆಟ್ಟಿಗೆ ಮೇಲಿನಿಂದ ಬಣ್ಣದ ನೀರು ತೊಟ್ಟಿಕ್ಕುತ್ತಿದೆ, ಪಕ್ಕದ ನಲ್ಲಿಯಿಂದ ಶುದ್ಧ ನೀರು ಬಂದು ತೂತಿನಿಂದ ಹೊರಗೆ ಹೋಗುತ್ತಿದೆ. ಬಕೆಟ್ಟಿನ ನೀರು ಎಷ್ಟು ಬಣ್ಣವಾಗಿರುತ್ತದೆ ಎನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ: ಎಷ್ಟು ಬಣ್ಣ ಬೀಳುತ್ತದೆ, ಎಷ್ಟು ಶುದ್ಧ ನೀರು ಹರಿಯುತ್ತದೆ. ಅಡುಗೆಮನೆಯೂ ಹಾಗೆಯೇ. ಗಾಳಿಯಾಟ ಎರಡು ಪಟ್ಟಾದರೆ ಕೋಣೆಯ ಹೊಗೆ ಅರ್ಧವಾಗುತ್ತದೆ. ಒಲೆಯ ಹೊಗೆಯೇ ಅರ್ಧವಾದರೂ ಫಲ ಅದೇ.

ಈಗ ಒಂದು ಅಂದಾಜು ಲೆಕ್ಕ ಹಾಕೋಣ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಅಡುಗೆಮನೆ. ಗಂಟೆಗೆ ಹತ್ತು ಸಲ ಪೂರ್ತಿ ಗಾಳಿ ಬದಲಾಗುತ್ತದೆ ಎಂದುಕೊಳ್ಳಿ. ಇದು ಒಳ್ಳೆಯ ಗಾಳಿಯಾಟವೇ. ಕೊಳವೆಯಿಲ್ಲದ ಒಲೆಯಲ್ಲಿ ಒಂದು ಗಂಟೆಯಲ್ಲಿ ಒಂದು ಕಿಲೋ ಸೌದೆ ಉರಿದು, ಅದರಿಂದ 3 ಗ್ರಾಂ ಸೂಕ್ಷ್ಮ ಕಣ ಬಂತು ಎಂದಿಟ್ಟುಕೊಳ್ಳಿ. ಆ ಕಣಗಳು ಕೋಣೆಯೆಲ್ಲ ಸಮನಾಗಿ ಹರಡಿದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 13,000 ಮೈಕ್ರೋಗ್ರಾಂ ಇರುತ್ತದೆ. ದಿನದ ಉಳಿದ 23 ಗಂಟೆ ಗಾಳಿ ಪೂರ್ತಿ ಶುದ್ಧ ಎಂದುಕೊಂಡರೂ ದಿನದ ಸರಾಸರಿ 500 ದಾಟುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15 ಮೈಕ್ರೋಗ್ರಾಂ. ಭಾರತ ಸರ್ಕಾರದ ಮಿತಿ 60. ಇನ್ನೊಂದು ಕಿಟಕಿ ಒಡೆಸಿ ಗಾಳಿಯಾಟವನ್ನು ಎರಡು ಪಟ್ಟು ಮಾಡಿದರೂ ಸರಾಸರಿ 250ರ ಮೇಲೆಯೇ ಉಳಿಯುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. ಅಸ್ತ್ರ ಒಲೆ ರೂಪುಗೊಳ್ಳುತ್ತಿದ್ದ ಹೊತ್ತಿನಲ್ಲೇ ಅಮೆರಿಕದ ಸಂಶೋಧಕ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನೇ ಅಳೆದರು. 1983ರಲ್ಲಿ ಬಂದ ಅವರ ವರದಿಯ ಪ್ರಕಾರ ಅಡುಗೆ ಹೊತ್ತಿನಲ್ಲಿ ಘನ ಮೀಟರಿಗೆ ಸರಾಸರಿ 7 ಮಿಲಿಗ್ರಾಂ ಹತ್ತಿರ ಕಣಗಳಿದ್ದವು. ಅಲ್ಲಿ ದೊಡ್ಡ ಕಣಗಳನ್ನೂ ಸೇರಿಸಿ ಅಳೆದಿದ್ದರಿಂದ ನಮ್ಮ ಲೆಕ್ಕಕ್ಕೆ ನೇರವಾಗಿ ಹೋಲಿಸುವಂತಿಲ್ಲ. ಆದರೂ ಎಂಥ ಗಾಳಿ ಅದು ಎನ್ನುವುದು ತಿಳಿಯುತ್ತದೆ.

ಹಾಗಾದರೆ ಕಿಟಕಿ, ಗವಾಕ್ಷಿ ಬೇಡವೇ? ಬೇಕೇ ಬೇಕು. ಒಲೆ ಆರಿದ ಮೇಲೆ ಉಳಿದ ಹೊಗೆ ಎಷ್ಟು ಬೇಗ ಹೋಗುತ್ತದೆ ಎನ್ನುವುದನ್ನು ನಿರ್ಧರಿಸುವುದೇ ಗಾಳಿಯಾಟ. ಗಂಟೆಗೆ ಒಂದೇ ಸಲ ಗಾಳಿ ಬದಲಾಗುವ ಕೋಣೆಯಲ್ಲಿ ಒಂದು ಗಂಟೆಯಾದರೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊಗೆ ಉಳಿದಿರುತ್ತದೆ. ಹತ್ತು ಸಲ ಬದಲಾದರೆ ಅರ್ಧ ಗಂಟೆಯಲ್ಲಿ ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಬಿಸಿ ಹೊಗೆ ಮೇಲಕ್ಕೆ ಏರುವುದರಿಂದ ಹೊರದಾರಿ ಎತ್ತರದಲ್ಲಿರಬೇಕು, ತಣ್ಣನೆ ಗಾಳಿ ಬರುವ ದಾರಿ ಕೆಳಗಿರಬೇಕು. ನಮ್ಮ ಮಾಳಿಗೆ ಮನೆ ಕಟ್ಟಿದ ಹಿರಿಯರಿಗೆ ಇದು ಗೊತ್ತಿತ್ತು. ಮಳೆಗಾಲದಲ್ಲಿ ಗವಾಕ್ಷಿ ಮುಚ್ಚಿದಾಗ ಕಷ್ಟ ಶುರುವಾಗುತ್ತಿತ್ತು.

ಮೂರನೆಯ ವಿಷಯ ದೂರ. ಕೋಣೆಯಲ್ಲಿ ಎಷ್ಟು ಹೊಗೆಯಿದೆ ಎನ್ನುವುದು ಒಂದು ಮಾತು, ಯಾರ ಎದೆಗೆ ಎಷ್ಟು ಹೋಗುತ್ತದೆ ಎನ್ನುವುದು ಇನ್ನೊಂದು. ಒಂದೇ ಮನೆಯಲ್ಲಿ ಜಗುಲಿಯ ಮೇಲೆ ಕೂತ ಅಜ್ಜನಿಗೂ, ಒಲೆಯ ಮುಂದೆ ಮುದ್ದೆ ಕೂಡಿಸುವ ಸೊಸೆಗೂ, ಅವಳ ಮಡಿಲಲ್ಲಿರುವ ಕೂಸಿಗೂ ಸಿಗುವ ಹೊಗೆ ಒಂದೇ ಅಲ್ಲ. ಹೊಗೆಕೊಳವೆಯ ಲಾಭ ಇರುವುದು ಇಲ್ಲಿಯೇ. ಹೊಗೆ ಮುಖಕ್ಕೆ ಬರುವ ಮೊದಲೇ ಅದು ಹಿಡಿದು ಹೊರಗೆ ಕಳಿಸುತ್ತದೆ.

ಪುರದಲ್ಲಿ ರೆಡ್ಡಿ ಕಲಿತ ಪಾಠ

ಅಸ್ತ್ರದ ಎಲ್ಲ ಪ್ರಯತ್ನಗಳೂ ಗೆಲ್ಲಲಿಲ್ಲ. ಪುರದಲ್ಲಿ ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿ, ಮನೆಮನೆಗೂ ಅಡುಗೆ ಅನಿಲ ಕೊಡುವ ಯೋಜನೆ ಹಾಕಿದರು. ಹೊಗೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ಆದರೆ ಸಿಕ್ಕ ಸಗಣಿಯಿಂದ ಬಂದ ಅನಿಲ ಎಲ್ಲ ಮನೆಗಳ ಅಡುಗೆಗೆ ಸಾಲಲಿಲ್ಲ. ಯೋಜನೆ ಕುಂಟಿತು.

ಬೇರೆಯವರಾಗಿದ್ದರೆ ಕಡತ ಮುಚ್ಚಿ ಹೊರಡುತ್ತಿದ್ದರೇನೋ. ತಂಡ ಮತ್ತೆ ಊರಿನ ಜನರ ಜೊತೆ ಕೂತಿತು. ಊರಿಗೆ ತುರ್ತಾಗಿ ಬೇಕಾಗಿದ್ದುದು ಕುಡಿಯುವ ನೀರು ಮತ್ತು ದೀಪ. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಕರೆಂಟು ತಯಾರಿಸಿದರು. ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗಳಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ದುಡ್ಡು ಸಿಗುತ್ತಿತ್ತು, ಗೊಬ್ಬರವೂ ವಾಪಸ್ ಸಿಗುತ್ತಿತ್ತು. ಈ ಸಲ ಊರು ಅದನ್ನು ತನ್ನದೆಂದುಕೊಂಡು ನಡೆಸಿತು. ಸೀಮೆಎಣ್ಣೆ ಬುಡ್ಡಿಯ ಹೊಗೆಯೂ ಮನೆಗಳಲ್ಲಿ ಕಡಿಮೆಯಾಯಿತು.

ಜನರಿಗೆ ಬೇಕಾಗಿರುವುದು ಶಕ್ತಿಯಲ್ಲ, ಶಕ್ತಿಯಿಂದ ಆಗುವ ಕೆಲಸ ಎಂಬ ವಿಚಾರವನ್ನು ರೆಡ್ಡಿ ಮುಂದೆ ಜಗತ್ತಿನ ಮುಂದಿಟ್ಟರು. ಸೌದೆ, ಗ್ಯಾಸು, ಕರೆಂಟು ಎಷ್ಟು ಸುಟ್ಟೆವು ಎನ್ನುವುದಲ್ಲ, ಅಡುಗೆ ಆಯಿತೇ, ಮನೆ ಬೆಳಗಿತೇ, ನೀರು ಬಂತೇ ಎನ್ನುವುದೇ ಅಳತೆ. ಬ್ರೆಜಿಲ್‌ನ ಹೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅವರ ಜೊತೆ ಸೇರಿ 1980ರ ದಶಕದಲ್ಲಿ ಇದೇ ವಿಚಾರದ ಮೇಲೆ ಪುಸ್ತಕ ಬರೆದರು. ಕರ್ನಾಟಕದ ದೊಡ್ಡ ದೊಡ್ಡ ವಿದ್ಯುತ್ ಯೋಜನೆಗಳ ಲೆಕ್ಕವನ್ನೂ ಇದೇ ಅಳತೆಗೋಲಿನಿಂದ ಪರೀಕ್ಷಿಸಿ, ಅಷ್ಟೊಂದು ಹೊಸ ವಿದ್ಯುತ್ ಬೇಕಿಲ್ಲ ಎಂದು ವಾದಿಸಿದರು. ಇದು ಎಲ್ಲರಿಗೂ ಹಿಡಿಸುವ ಮಾತಾಗಿರಲಿಲ್ಲ.

ಆ ಒಲೆಗಳೆಲ್ಲ ಎಲ್ಲಿ ಹೋದವು?

1980ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. 2002ರ ಹೊತ್ತಿಗೆ ಅದು ಮುಗಿಯುವಷ್ಟರಲ್ಲಿ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಲಾಗಿತ್ತು. ಕರ್ನಾಟಕದಲ್ಲಿ ಅಸ್ತ್ರ ಒಲೆಯೇ ಇದರ ಮುಖ. ತರಬೇತಿ ಪಡೆದವರು ಅಚ್ಚು ಹಿಡಿದುಕೊಂಡು ಮನೆಮನೆಗೆ ಹೋಗಿ ಒಲೆ ಹಾಕಿಕೊಟ್ಟರು.

ಆದರೆ ಇಂದು ಹುಡುಕಿದರೂ ಇಂಥ ಒಲೆಗಳು ಅಪರೂಪ. ಕಾರಣಗಳು ಒಂದೆರಡಲ್ಲ. ಒಲೆಯ ಬಾಯಿ ಚಿಕ್ಕದು, ಸೌದೆಯನ್ನು ಸಣ್ಣಗೆ ಸೀಳಬೇಕು. ತೂತಿನ ಅಳತೆಗೆ ಹೊಂದದ ಪಾತ್ರೆ ಇಟ್ಟರೆ ಸಂದಿಯಿಂದ ಹೊಗೆ ಬರುತ್ತದೆ. ಕೊಳವೆಯೊಳಗೆ ಮಸಿ ಕಟ್ಟಿಕೊಂಡರೆ ಎಳೆತ ಕಡಿಮೆಯಾಗಿ ಹೊಗೆ ಮತ್ತೆ ಕೋಣೆಗೇ ತಿರುಗುತ್ತದೆ. ಅದನ್ನು ತೆಗೆಯಲು ಮಾಡು ಹತ್ತಬೇಕು, ಹತ್ತುವವರು ಯಾರು?

ಒಡಿಶಾದ ಹಳ್ಳಿಗಳಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕಲ್ ಗ್ರೀನ್‌ಸ್ಟೋನ್ ನಡೆಸಿದ ದೊಡ್ಡ ಅಧ್ಯಯನವೊಂದು ಇದನ್ನೇ ತೋರಿಸಿತು. ಅಲ್ಲಿ ಬಳಸಿದ್ದು ಅಸ್ತ್ರ ಒಲೆಯಲ್ಲ, ಕೊಳವೆಯಿದ್ದ ಬೇರೊಂದು ಮಣ್ಣಿನ ಒಲೆ. ಮೊದಲ ವರ್ಷ ಹೆಂಗಸರ ಎದೆಗೆ ಹೋಗುವ ಹೊಗೆ ಕಡಿಮೆಯಾಯಿತು. ಆಮೇಲಿನ ವರ್ಷಗಳಲ್ಲಿ ಆ ಲಾಭ ಕರಗಿಹೋಯಿತು. ಒಲೆಗಳನ್ನು ನೋಡಿಕೊಳ್ಳುವವರಿರಲಿಲ್ಲ, ಬಳಕೆಯೂ ಇಳಿಯಿತು. ಆರೋಗ್ಯದಲ್ಲಿ ಬದಲಾವಣೆ ಕಾಣಲಿಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಕೊಳವೆಯಿರುವ ಒಲೆಗಳನ್ನು ಪ್ರತಿ ವಾರ ಹೋಗಿ ನೋಡಿಕೊಂಡ ಅಧ್ಯಯನದಲ್ಲಿ ಮಕ್ಕಳಿಗೆ ಹೋಗುವ ಹೊಗೆ ಸುಮಾರು ಅರ್ಧಕ್ಕಿಳಿಯಿತು. ಒಟ್ಟು ನ್ಯುಮೋನಿಯಾ ಪ್ರಕರಣಗಳು ಖಚಿತವಾಗಿ ಇಳಿದವು ಎನ್ನಲಾಗಲಿಲ್ಲ, ಆದರೆ ತೀವ್ರ ನ್ಯುಮೋನಿಯಾ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಒಲೆ ಎಷ್ಟೇ ಒಳ್ಳೆಯದಿರಲಿ, ಅದನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಹೊಗೆ ವಾಪಸ್ ಬರುತ್ತದೆ.

ರೆಡ್ಡಿ ಕಡೆಗಾಲದವರೆಗೂ ದುಡಿಯುತ್ತಲೇ ಇದ್ದರು. 1991ರಲ್ಲಿ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದರು. ಅದೇ ವರ್ಷ ಬಡ ದೇಶಗಳ ಶಕ್ತಿಯ ಪ್ರಶ್ನೆಗಳಿಗಾಗಿ ಇಂಟರ್‌ನ್ಯಾಷನಲ್ ಎನರ್ಜಿ ಇನಿಶಿಯೇಟಿವ್ ಎಂಬ ಸಂಸ್ಥೆಯನ್ನು ಕಟ್ಟಿದರು. 1998ರ ಅಣುಬಾಂಬ್ ಪರೀಕ್ಷೆಯನ್ನು ಬಹಿರಂಗವಾಗಿ ವಿರೋಧಿಸಿದರು. 2000ರಲ್ಲಿ ಅವರಿಗೂ ಆ ಮೂವರು ಸಹಲೇಖಕರಿಗೂ ವೋಲ್ವೋ ಪರಿಸರ ಪ್ರಶಸ್ತಿ ಬಂತು. 2006ರ ಮೇ 7ರಂದು ತೀರಿಕೊಂಡರು. ಅವರು ಶುರು ಮಾಡಿದ ಅಸ್ತ್ರ ಇಂದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೆಸರಿನಲ್ಲಿ ಅದೇ ಸಂಸ್ಥೆಯೊಳಗಿದೆ.

ಹಾಗಾದರೆ ಆ ಫಾರ್ವರ್ಡ್ ನಿಜವೇ?

ಅಜ್ಜಿಯರು ಹೊಗೆಯಲ್ಲೇ ತೊಂಬತ್ತು ವರ್ಷ ಬದುಕಿದರು ಎನ್ನುವುದು ಅರ್ಧ ಕಥೆ. ಬದುಕಿದವರು ಮಾತ್ರ ನಮ್ಮ ಕಣ್ಣಿಗೆ ಕಾಣುತ್ತಾರೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಎಲ್ಲದಕ್ಕೂ ಹೊಗೆಯೇ ಕಾರಣವಲ್ಲ. ಆದರೆ ಚಿಕ್ಕ ಮಕ್ಕಳ ನ್ಯುಮೋನಿಯಾಕ್ಕೆ ಹೊಗೆ ಒಂದು ಮುಖ್ಯ ಕಾರಣ. ದೊಡ್ಡವರಲ್ಲಿ ದೀರ್ಘಕಾಲದ ಉಸಿರಾಟದ ಕಾಯಿಲೆ, ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್, ಕಣ್ಣಿನ ಪೊರೆಗೂ ಇದರ ನಂಟಿದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಅಂದಾಜು 32 ಲಕ್ಷ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹೊಗೆ ಹುಳ ಹುಪ್ಪಟೆಗಳನ್ನು ದೂರವಿಡುತ್ತದೆ, ಜಂತೆಗೆ ಹುಳು ಹಿಡಿಯುವುದನ್ನು ತಡೆಯಬಹುದು. ಅದು ಮರಕ್ಕೆ ಒಳ್ಳೆಯದಿರಬಹುದು, ಎದೆಗಲ್ಲ. ಒಂದು ಕಿಟಕಿ ಸಾಕು ಎನ್ನುವುದು ಮೇಲಿನ ಲೆಕ್ಕದಂತೆ ಸುಳ್ಳು.

ನಿಮ್ಮ ಮನೆಯಲ್ಲಿ ಏನು ಮಾಡಬಹುದು?

ಗ್ಯಾಸ್ ಇದ್ದರೆ ದಿನದ ಅಡುಗೆಗೆ ಅದನ್ನೇ ಬಳಸಿ. ಸಿಲಿಂಡರ್ ಉಳಿಸಲು ಸೌದೆ ಹಚ್ಚುವುದಾದರೆ ಆ ಒಲೆಯನ್ನು ಹಿತ್ತಿಲಿಗೆ, ಬಯಲಿಗೆ ಒಯ್ಯಿರಿ. ಬಚ್ಚಲಿನ ಹಂಡೆ ಒಲೆಗೆ ಕೊಳವೆ ಹಾಕಿಸಿ.

ಕೊಳವೆ ಮಾಡಿಗಿಂತ ಮೇಲಿರಲಿ. ತಿಂಗಳಿಗೊಮ್ಮೆಯಾದರೂ ಮಸಿ ತೆಗೆಯಿರಿ. ಇದು ಮನೆಯ ಗಂಡಸರ ಕೆಲಸವಾಗಲಿ.

ಒಣಗಿದ ಸೌದೆಯನ್ನೇ ಹಾಕಿ. ಹಸಿ ಸೌದೆ, ಪ್ಲಾಸ್ಟಿಕ್, ರಬ್ಬರ್ ಬೇಡ. ಒಲೆ ಉರಿಯುವಾಗ ಕೂಸನ್ನು ಅಡುಗೆಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಗ್ಯಾಸ್ ಸ್ಟೌವ್ ಇದ್ದರೂ ಒಗ್ಗರಣೆ, ಕರಿಯುವ ಹೊತ್ತಿನಲ್ಲಿ ಕಿಟಕಿ ತೆರೆದಿರಲಿ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗಾಳಿ ಒಳಗೆ ಬರಲು ಎದುರಿನ ಬಾಗಿಲು ತುಸು ತೆರೆದಿಡಿ. ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ. ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಹಾಗಾಗಿ ಕಿಟಕಿಯ ಜೊತೆಗೆ ಬಾಗಿಲನ್ನೂ ತೆರೆಯಿರಿ.

ಚಳಿಗೆ ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿಯೂ ಬೇಡ. ಒಂದು ಸುರುಳಿಯಿಂದ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರ ಒಂದು ಅಧ್ಯಯನ ಕಂಡುಕೊಂಡಿದೆ. ಸೊಳ್ಳೆ ಪರದೆ ಒಳ್ಳೆಯದು.

ವರ್ಷಗಟ್ಟಲೆ ಒಲೆಯ ಮುಂದೆ ಕೂತ ನಿಮ್ಮ ಅಮ್ಮನಿಗೋ ಅತ್ತೆಗೋ ತಿಂಗಳುಗಟ್ಟಲೆ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಇದ್ದರೆ ಅದನ್ನು ವಯಸ್ಸು ಎಂದು ಬಿಡಬೇಡಿ. ಅವರು ಬೀಡಿ ಸೇದಿಲ್ಲದಿದ್ದರೂ ಶ್ವಾಸಕೋಶದ ಪರೀಕ್ಷೆ ಮಾಡಿಸಿ. ಎಷ್ಟು ವರ್ಷ ಒಲೆ ಊದಿದ್ದಾರೆ ಎಂದು ವೈದ್ಯರಿಗೆ ಮರೆಯದೆ ಹೇಳಿ.

ಹೊಗೆ ಒಳ್ಳೆಯದು ಎನ್ನುವ ಫಾರ್ವರ್ಡ್ ಮುಂದಿನ ಸಲ ನಿಮ್ಮ ಮನೆಯ ಗ್ರೂಪಿಗೆ ಬಂದರೆ, ಅದರ ಕೆಳಗೆ ಈ ಲೇಖನ ಹಾಕಿ. ಅದಕ್ಕೂ ಮೊದಲು ಎದ್ದು ಅಡುಗೆಮನೆಗೆ ಹೋಗಿ, ಹೊಗೆ ಹೋಗುವ ದಾರಿ ತೆರೆದಿದೆಯೇ ಎಂದು ಒಮ್ಮೆ ತಲೆಯೆತ್ತಿ ನೋಡಿ.